ರಕ್ತಶುದ್ಧಿಯ ಗೋಡೆಯೂ ಅಭಿಮಾನಿಗಳ ಪ್ರೇಮಕಥೆಗಳೂ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಪಂಪ, ಬಸವಣ್ಣ, ಕುಮಾರವ್ಯಾಸ, ಕುವೆಂಪು ಇವರನ್ನು ಕುರಿತ ಮಾತುಗಳು ನಡೆಯುತ್ತವೆ. ಇಂದು ನಾನು ಆರಿಸಿಕೊಂಡಿರುವುದು ಇಂಗ್ಲಿಷಿನ ಮಾಂತ್ರಿಕ ಕಾದಂಬರಿ ಮಾಲೆಯೊಂದರ ಎರಡು ಪಾತ್ರಗಳನ್ನು. ಮೂಲದಲ್ಲಿ ಇಲ್ಲದ ಪ್ರೇಮವೊಂದನ್ನು ಆ ಪಾತ್ರಗಳ ನಡುವೆ ಕಲ್ಪಿಸಿ ಅಸಂಖ್ಯ ಓದುಗರು ಬರೆದ ಕಥೆಗಳನ್ನು. ಇದು ಸಂಘದ ವೇದಿಕೆಗೆ ತಕ್ಕ ವಿಷಯವೇ ಎಂದು ಆಹ್ವಾನಪತ್ರಿಕೆಯನ್ನು ನೋಡಿದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಮುಂಬಯಿಯ ನಮ್ಮ ಮನೆಗಳಲ್ಲಿ ಬೆಳೆಯುವ ಮಕ್ಕಳು ಮಾತಾಡುವುದು ಕನ್ನಡದಲ್ಲಾದರೂ ಓದುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಯಾರು ಯಾರನ್ನು ಪ್ರೀತಿಸಬಹುದು, ಯಾರು ಯಾರ ಮನೆಗೆ ಸೊಸೆಯಾಗಿ ಬರಬಹುದು ಎಂಬ ನಮ್ಮ ಮನೆಗಳ ಅತ್ಯಂತ ಇಕ್ಕಟ್ಟಿನ ಪ್ರಶ್ನೆ, ಊಟದ ಹೊತ್ತಿನಲ್ಲಿ ಯಾರೂ ಎತ್ತದ ಪ್ರಶ್ನೆ, ಆ ಕಥೆಗಳಲ್ಲಿ ವೇಷ ಬದಲಿಸಿಕೊಂಡು ಚರ್ಚೆಯಾಗುತ್ತಿದೆ. ಮೂರು ದಶಕಗಳ ಕಾಲ ಈ ನಗರದಲ್ಲಿ ಕನ್ನಡ ಪಾಠ ಹೇಳಿದವಳಾಗಿ ಆ ಚರ್ಚೆಗೆ ಕಿವಿಗೊಡುವುದು ನನ್ನ ಕೆಲಸವೆಂದು ನಾನು ಭಾವಿಸುತ್ತೇನೆ.

ಮೊದಲು ಪ್ರಕಾರದ ಪರಿಚಯ. ಇಂಗ್ಲಿಷಿನಲ್ಲಿ ಇದನ್ನು 'ಫ್ಯಾನ್ ಫಿಕ್ಷನ್' ಎನ್ನುತ್ತಾರೆ; ನಾನು 'ಅಭಿಮಾನಿ ಕಥೆ' ಎಂದು ಕರೆಯುತ್ತೇನೆ. ಬೇರೊಬ್ಬರು ಸೃಷ್ಟಿಸಿದ ಪಾತ್ರಗಳನ್ನೂ ಲೋಕವನ್ನೂ ಎತ್ತಿಕೊಂಡು ಓದುಗರೇ ಮುಂದುವರಿಸುವ, ತಿದ್ದುವ, ಕೆಲವೊಮ್ಮೆ ತಲೆಕೆಳಗು ಮಾಡುವ ಬರವಣಿಗೆ ಇದು. ಅಮೆರಿಕದಲ್ಲಿ 1966ರಲ್ಲಿ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಧಾರಾವಾಹಿ ಆರಂಭವಾಯಿತು. ಮರುವರ್ಷವೇ ಅದರ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆಯನ್ನು ತಾವೇ ಅಚ್ಚು ಮಾಡಿ ಹಂಚಿದರು. 1974ರಲ್ಲಿ ಆ ಧಾರಾವಾಹಿಯ ಇಬ್ಬರು ಗಂಡುಪಾತ್ರಗಳ ನಡುವೆ ಪ್ರೇಮವನ್ನು ಸೂಚಿಸುವ ಪುಟ್ಟ ಕಥೆಯೊಂದು ಇಂಥದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ನಿಷಿದ್ಧ ಪ್ರೇಮವೇ ಈ ಪ್ರಕಾರದ ಮುಖ್ಯ ಪ್ರೇರಣೆಗಳಲ್ಲೊಂದು. ಬರೆಯುವವರಲ್ಲಿ ಹೆಂಗಸರೇ ಹೆಚ್ಚು, ಬರವಣಿಗೆಗೆ ಸಂಭಾವನೆಯಿಲ್ಲ, ಬಹುಮಟ್ಟಿಗೆ ಹೆಸರೂ ಇಲ್ಲ, ಗುಪ್ತನಾಮವಷ್ಟೇ. 2007ರಲ್ಲಿ ಇಂಥ ಅಭಿಮಾನಿಗಳೇ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿಕೊಂಡರು. ಅದು ನಡೆಸುವ 'ಆರ್ಕೈವ್ ಆಫ್ ಅವರ್ ಓನ್' ಎಂಬ ಸಂಗ್ರಹಾಗಾರದಲ್ಲಿ ಇಂದು ಒಂದು ಕೋಟಿಗೂ ಹೆಚ್ಚು ಕೃತಿಗಳಿವೆ. ವಿಜ್ಞಾನ ಮತ್ತು ಅದ್ಭುತ ಕಥಾಸಾಹಿತ್ಯಕ್ಕೆ ಸಲ್ಲುವ ಹ್ಯೂಗೋ ಪ್ರಶಸ್ತಿ 2019ರಲ್ಲಿ ಆ ಸಂಗ್ರಹಕ್ಕೇ ಸಂದಿತು. ಆದ್ದರಿಂದ ಇದನ್ನು ಮಕ್ಕಳ ಗೀಳೆಂದು ತಳ್ಳಿಹಾಕುವಂತಿಲ್ಲ.

ಈಗ ನಾನು ಹೇಳಬೇಕೆಂದಿರುವ ಆ ಎರಡು ಪಾತ್ರಗಳು. ಜೆ. ಕೆ. ರೋಲಿಂಗ್ ಅವರ 'ಹ್ಯಾರಿ ಪಾಟರ್' ಮಾಲೆಯ ಏಳು ಕಾದಂಬರಿಗಳು 1997ರಿಂದ 2007ರವರೆಗೆ ಪ್ರಕಟವಾದವು. ಮಾಂತ್ರಿಕರ ಮಕ್ಕಳು ಓದುವ ಶಾಲೆ ಈ ಕಥೆಯ ಕೇಂದ್ರ. ಆ ಲೋಕದಲ್ಲಿ ಹುಟ್ಟಿನ ಶ್ರೇಣಿಯೊಂದಿದೆ. ತಲೆತಲಾಂತರದಿಂದ ಮಾಂತ್ರಿಕರೇ ಆಗಿರುವ ಮನೆತನಗಳವರು 'ಶುದ್ಧರಕ್ತದವರು'. ಸಾಮಾನ್ಯ ಜನರ ಹೊಟ್ಟೆಯಲ್ಲಿ ಹುಟ್ಟಿಯೂ ಮಂತ್ರಶಕ್ತಿ ಪಡೆದವರನ್ನು ಶ್ರೇಣಿಯ ಮೇಲ್ತುದಿಯ ಕೆಲವರು 'ಮಡ್‌ಬ್ಲಡ್' ಎಂದು ಬೈಯುತ್ತಾರೆ. ಅಂದರೆ ಕೆಸರುನೆತ್ತರಿನವರು. ಹರ್ಮಾಯ್ನಿ ಗ್ರೇಂಜರ್ ಇಂಥ ಹುಡುಗಿ, ತಂದೆತಾಯಿ ದಂತವೈದ್ಯರು, ತರಗತಿಯಲ್ಲಿ ಅವಳೇ ಮೊದಲು. ಡ್ರೇಕೋ ಮಾಲ್ಫಾಯ್ ಶುದ್ಧರಕ್ತದ ಶ್ರೀಮಂತ ಮನೆಯ ಒಬ್ಬನೇ ಮಗ. ಎರಡನೆಯ ಕಾದಂಬರಿಯಲ್ಲಿ, ತಂದೆ ಕೊಡಿಸಿದ ದುಬಾರಿ ಪೊರಕೆಗಳ ಬಲದಿಂದ ಅವನು ಶಾಲೆಯ ಆಟದ ತಂಡವನ್ನು ಸೇರಿಕೊಂಡಿರುತ್ತಾನೆ. ಅವಳು ಅದನ್ನು ಎತ್ತಿ ಆಡಿದಾಗ ಅವನ ಬಳಿ ಉತ್ತರವಿರುವುದಿಲ್ಲ. ಉತ್ತರವಿಲ್ಲದವನು ಆ ಬೈಗುಳವನ್ನು ಎಸೆಯುತ್ತಾನೆ. ವಾದದಲ್ಲಿ ಸೋತವರು ಹುಟ್ಟನ್ನು ಹಿಡಿದು ಹೊಡೆಯುವ ಈ ಕ್ರಮ ನಮಗೆ ಹೊಸದೇನೂ ಅಲ್ಲ.

ಮೂಲಕಥೆಯಲ್ಲಿ ಇವರ ನಡುವೆ ಪ್ರೇಮದ ಎಳೆಯೂ ಇಲ್ಲ. ಮೂರನೆಯ ಕಾದಂಬರಿಯಲ್ಲಿ ಅವಳು ಅವನ ಕೆನ್ನೆಗೆ ಬಾರಿಸುತ್ತಾಳೆ. ಏಳನೆಯದರಲ್ಲಿ ಅವನ ಮನೆಯಲ್ಲಿಯೇ, ಅವನ ಸ್ವಂತ ದೊಡ್ಡಮ್ಮನ ಕೈಯಲ್ಲಿ ಅವಳಿಗೆ ಚಿತ್ರಹಿಂಸೆಯಾಗುತ್ತದೆ. ಅವಳನ್ನು ಗುರುತು ಹಿಡಿದು ಹೇಳೆಂದು ಹಿರಿಯರು ಒತ್ತಾಯಿಸಿದಾಗ ಅವನು ನುಣುಚಿಕೊಂಡು ಉತ್ತರಿಸುತ್ತಾನೆ, ಅಷ್ಟೇ ಅವನಿಂದಾದದ್ದು. ಕೊನೆಗೆ ಅವಳು ಗೆಳೆಯನಾದ ರಾನ್‌ನನ್ನು ಮದುವೆಯಾಗುತ್ತಾಳೆ. ಹೀಗಿದ್ದೂ ಈ ಇಬ್ಬರನ್ನು ಪ್ರೇಮಿಗಳನ್ನಾಗಿ ಕಲ್ಪಿಸಿದ ಕಥೆಗಳು ಅಭಿಮಾನಿ ಸಾಹಿತ್ಯದ ಅತ್ಯಂತ ಜನಪ್ರಿಯ ಧಾರೆಗಳಲ್ಲೊಂದಾಗಿವೆ; ಮೂಲದ ಏಳು ಸಂಪುಟಗಳ ಪೈಕಿ ಯಾವುದನ್ನೂ ಗಾತ್ರದಲ್ಲಿ ಮೀರಿಸುವಂಥ ಕಥೆಗಳೂ ಅವುಗಳಲ್ಲಿವೆ. ಡ್ರೇಕೋನ ಮೇಲೆ ಓದುಗ ಹುಡುಗಿಯರಿಗೆ ಹುಟ್ಟಿದ ಮೋಹ ತಮಗೆ ಕಳವಳ ತಂದಿತೆಂದು ರೋಲಿಂಗ್ ಅವರೇ ಬರೆದಿದ್ದಾರೆ. ಮೂಲದ ಲೇಖಕಿ ಬೇಡವೆಂದದ್ದನ್ನು ಓದುಗರು ಏಕೆ ಬೇಕೆಂದರು?

ಕೆಟ್ಟ ಹುಡುಗನ ಆಕರ್ಷಣೆ ಎಂಬ ಸುಲಭದ ಉತ್ತರವೊಂದಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮೂಲಪಠ್ಯದಲ್ಲೇ ಇನ್ನೊಂದು ಉತ್ತರ ಅಡಗಿದೆ. 2003ರಲ್ಲಿ ಬಂದ ಐದನೆಯ ಕಾದಂಬರಿಯಲ್ಲಿ ಬ್ಲ್ಯಾಕ್ ಎಂಬ ಶುದ್ಧರಕ್ತದ ಮನೆತನದ ವಂಶವೃಕ್ಷ ಗೋಡೆಯ ಮೇಲಿನ ಜಮಖಾನದಲ್ಲಿ ನೇಯ್ದು ನಿಂತಿದೆ. ಅದರಲ್ಲಿ ಅಲ್ಲಲ್ಲಿ ಸುಟ್ಟ ತೂತುಗಳು. ಮನೆತನದ ಮರ್ಯಾದೆ ಕಳೆದವರ ಹೆಸರುಗಳನ್ನು ಹಿರಿಯರು ಸುಟ್ಟು ಅಳಿಸಿದ ಗುರುತುಗಳು ಅವು. ಆಂಡ್ರೊಮಿಡಾ ಎಂಬ ಹೆಣ್ಣುಮಗಳ ಹೆಸರು ಹಾಗೆ ಸುಟ್ಟುಹೋದದ್ದು ಅವಳು ಕೀಳುಹುಟ್ಟಿನವನೆನಿಸಿದ ಟೆಡ್ ಟಾಂಕ್ಸ್‌ನನ್ನು ಮದುವೆಯಾದಳೆಂಬ ಕಾರಣಕ್ಕೆ. ಅವಳು ಡ್ರೇಕೋನ ತಾಯಿಯ ಒಡಹುಟ್ಟಿದ ಅಕ್ಕ. ಅಂದರೆ ಅವನ ಮನೆಯಲ್ಲಿ ಈ ನಿಷಿದ್ಧ ಪ್ರೇಮ ಒಮ್ಮೆ ನಡೆದೇ ಇದೆ. ಮೂಲಕಥೆ ಅದನ್ನು ಕೆಲವು ಸಾಲುಗಳಲ್ಲಿ ಹೇಳಿ ಮುಂದೆ ಸಾಗಿದೆ. ಅಭಿಮಾನಿಗಳು ಬರೆದ ಸಾವಿರಾರು ಪುಟಗಳನ್ನು ನಾನು ಆ ಸುಟ್ಟ ತೂತಿನ ಮೂಲಕ ಓದುತ್ತೇನೆ. ಒಂದು ಹೆಸರು ಇರಬೇಕಾದ ಜಾಗದಲ್ಲಿ ಬೂದಿ ಇದ್ದರೆ, ಅಲ್ಲಿ ಏನು ನಡೆಯಿತೆಂದು ಓದುಗರು ಕೇಳಿಯೇ ಕೇಳುತ್ತಾರೆ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಿಷಿದ್ಧ ಪ್ರೇಮದ ಕಥೆಯನ್ನು ಅದರ ಪ್ರೇಮದ ಬಿಸಿಯಿಂದ ಅಳೆಯಲಾಗದು. ಆ ಪ್ರೇಮವನ್ನು ನಿಷೇಧಿಸಿದ ಗೋಡೆಯನ್ನು ಕಥೆ ಏನು ಮಾಡಿತು ಎಂಬುದೇ ನಿಜವಾದ ಅಳತೆಗೋಲು. ಈ ಇಬ್ಬರ ಕಥೆಗಳಲ್ಲಿ ಗೋಡೆಯನ್ನು ದಾಟುವ ಮೂರು ದಾರಿಗಳು ಮತ್ತೆ ಮತ್ತೆ ಕಾಣುತ್ತವೆ.

ಮೊದಲ ದಾರಿ ರಕ್ತವನ್ನೇ ಬದಲಿಸುವುದು. ಹರ್ಮಾಯ್ನಿ ನಿಜವಾಗಿ ದಂತವೈದ್ಯರ ಮಗಳಲ್ಲ, ಯಾವುದೋ ಶುದ್ಧರಕ್ತದ ಮನೆತನ ಕಳೆದುಕೊಂಡ ಕೂಸು, ಸಾಕುಮಗಳು ಎಂದು ಒಂದು ದಿನ ಗೊತ್ತಾಗುತ್ತದೆ. ಕೂಡಲೇ ಎಲ್ಲ ಅಡ್ಡಿಗಳೂ ಕರಗುತ್ತವೆ. ಇಂಥ ಕಥೆಗಳು ಬಹಳಷ್ಟಿವೆ. ನಮಗೆ ಈ ಉಪಾಯ ಚೆನ್ನಾಗಿ ಪರಿಚಿತ. ಗುಡಿಸಲಿನಲ್ಲಿ ಬೆಳೆದ ನಾಯಕಿ ಕೊನೆಯ ಅಂಕದಲ್ಲಿ ದೊಡ್ಡ ಮನೆಯ ಕಳೆದುಹೋದ ಮಗಳಾಗಿಬಿಡುವುದನ್ನು ನಾವು ಕಂಪನಿ ನಾಟಕಗಳಲ್ಲೂ ಸಿನಿಮಾಗಳಲ್ಲೂ ನೋಡಿ ಕಣ್ಣೊರೆಸಿಕೊಂಡಿದ್ದೇವೆ. ಮೇಲ್ನೋಟಕ್ಕೆ ಪ್ರೇಮ ಗೆದ್ದಂತೆ ಕಾಣುತ್ತದೆ, ಗೆದ್ದದ್ದು ಗೋಡೆ. ಅವಳ ಬುದ್ಧಿ, ಧೈರ್ಯ, ಚೆಲುವು ಇವೆಲ್ಲ ಮೇಲಿನ ರಕ್ತದಿಂದಲೇ ಬಂದವೆಂದು ಕಥೆ ಒಪ್ಪಿಕೊಂಡಂತಾಯಿತು. ಆ ದಂತವೈದ್ಯ ದಂಪತಿಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಎರಡನೆಯ ದಾರಿ ಕಾನೂನಿನದು. ಯುದ್ಧ ಮುಗಿದ ಮೇಲೆ ಮಾಂತ್ರಿಕರ ಸರ್ಕಾರ ಒಂದು ಶಾಸನ ತರುತ್ತದೆ: ಶುದ್ಧರಕ್ತದವರು ಮತ್ತು ಕೆಳಗಿನವರೆನಿಸಿದವರು ಕಡ್ಡಾಯವಾಗಿ ಪರಸ್ಪರ ಮದುವೆಯಾಗಬೇಕು. ಇಷ್ಟವಿಲ್ಲದೆ ಕೂಡಿದ ಇಬ್ಬರು ನಿಧಾನವಾಗಿ ಪ್ರೀತಿಸತೊಡಗುತ್ತಾರೆ. ಈ ಬಗೆಯ ಕಥೆಗಳಿಗೆ 'ಮದುವೆ ಕಾಯ್ದೆಯ ಕಥೆಗಳು' ಎಂಬ ಹೆಸರೇ ಬಿದ್ದಿದೆ. ಇನ್ನೂ ಕತ್ತಲೆಯ ಕಥೆಗಳಲ್ಲಿ ದುಷ್ಟರೇ ಯುದ್ಧ ಗೆದ್ದು, ಅವಳು ಅವನ ಸೆರೆಯಾಳಾಗಿ ಆ ಮನೆಗೆ ಬರುತ್ತಾಳೆ. ಇಲ್ಲಿ ಓದುಗಳಿಗೆ ಒಂದು ಅನುಕೂಲವಿದೆ: ಆಯ್ಕೆ ಅವಳದಲ್ಲವಾದ್ದರಿಂದ ಅಪರಾಧವೂ ಅವಳದಲ್ಲ. ನಿಷಿದ್ಧವಾದುದನ್ನು ಬಯಸುವ ಹೆಣ್ಣು ತನ್ನ ಬಯಕೆಗೆ ಹೊರಗಿನ ಬಲವಂತವನ್ನು ನೆಪವಾಗಿ ಹುಡುಕಬೇಕಾಗಿ ಬಂದಿರುವುದು ಆ ಹೆಣ್ಣಿಗಿಂತ ಹೆಚ್ಚಾಗಿ ಅವಳ ಸಮಾಜದ ಬಗ್ಗೆ ಹೇಳುತ್ತದೆ. ಆದರೂ ಸೆರೆಯಲ್ಲಿಟ್ಟವನನ್ನು ಪ್ರೇಮಿಸುವುದನ್ನೇ ಬಿಡುಗಡೆಯೆಂದು ಕರೆಯುವ ಕಥೆಯನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಮೂರನೆಯ ದಾರಿ ಕಷ್ಟದ್ದು. ಅಲ್ಲಿ ರಕ್ತ ಬದಲಾಗುವುದಿಲ್ಲ, ಮನುಷ್ಯ ಬದಲಾಗುತ್ತಾನೆ. ತಾನು ಆಡಿದ ಮಾತು ಕೇವಲ ಹುಡುಗಾಟಿಕೆಯಲ್ಲ, ತನ್ನ ಮನೆಯ ಆಸ್ತಿ, ಅಂತಸ್ತು, ಊಟದ ಮೇಜಿನ ಶಿಷ್ಟಾಚಾರ ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿವೆ ಎಂಬುದನ್ನು ಡ್ರೇಕೋ ಅರಿಯಬೇಕಾಗುತ್ತದೆ. ತಂದೆಯನ್ನು ಎದುರಿಸಬೇಕಾಗುತ್ತದೆ. ಕ್ಷಮೆ ಕೇಳಬೇಕಾಗುತ್ತದೆ, ಮತ್ತು ಕ್ಷಮೆ ಸಿಗದೆ ಇರಬಹುದೆಂದು ತಿಳಿದೂ ಕೇಳಬೇಕಾಗುತ್ತದೆ. ಇಂಥ ಕಥೆಗಳಲ್ಲಿ ಪ್ರೇಮ ಬಹಳ ತಡವಾಗಿ ಬರುತ್ತದೆ. ಅದಕ್ಕೂ ಮುನ್ನ ನೂರಾರು ಪುಟಗಳ ಪಶ್ಚಾತ್ತಾಪ. ಓದುಗರು ಇದನ್ನು ತಾಳ್ಮೆಯಿಂದ ಓದುತ್ತಾರೆ. ಬದಲಾಗಬೇಕಾದವರು ಯಾರು ಎಂಬ ಪ್ರಶ್ನೆಗೆ ಮೊದಲೆರಡು ದಾರಿಗಳು ಅವಳತ್ತ ಇಲ್ಲವೆ ಕಾನೂನಿನತ್ತ ಬೆರಳು ತೋರಿಸಿದರೆ, ಈ ದಾರಿ ಮಾತ್ರ ಗೋಡೆಯ ಫಲವನ್ನುಂಡವನತ್ತ ತೋರಿಸುತ್ತದೆ.

ಅದೇ ಬಗೆಯ ಪರೀಕ್ಷೆಯನ್ನು ನಮ್ಮ ಮರುಕಥನಗಳಿಗೂ ಒಡ್ಡಿ ನೋಡಬಹುದು. ಅಭಿಮಾನಿ ಕಥೆಯೆಂಬ ಹೆಸರು ಹೊಸದಾದರೂ ಇನ್ನೊಬ್ಬರ ಪಾತ್ರಗಳಿಗೆ ಬೇರೆ ಬಾಳನ್ನು ಕೊಡುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರುಕಥನವೆಂದ ಮಾತ್ರಕ್ಕೆ ಅದು ಬಂಡಾಯವೆಂದು ತಿಳಿಯಬಾರದು. ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿದ. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಮೇಲೆ ಐವರ ಹೆಂಡತಿಯೆಂಬ ವ್ಯಾಸರ ಕಥೆ ಅವನಿಗೆ ಒಗ್ಗದಾಯಿತು. ಮಹಾಕವಿಯ ಕೈಯಲ್ಲೂ ಇಲ್ಲಿ ಗೋಡೆ ಒಂದು ಸಾಲು ಎತ್ತರವಾಯಿತೆಂದೇ ಹೇಳಬೇಕು. 1209ರ ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ಇರುಳಿನಲ್ಲಿ ಹಾಡು ಕೇಳಿ ವಿಕಾರರೂಪದ ಮಾವುತನಿಗೆ ಸೋಲುತ್ತಾಳೆ. ಜನ್ನ ಧರ್ಮಕಾವ್ಯದ ನಿಯಮದಂತೆ ಅವಳನ್ನು ನರಕಕ್ಕೆ ಕಳಿಸುತ್ತಾನೆ; ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಆ ಹಾಡೇ. ಏಳು ಶತಮಾನಗಳಿಗೂ ಹೆಚ್ಚು ಕಾಲದ ಅನಂತರ, 1980ರಲ್ಲಿ, ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕದಲ್ಲಿ ಅದೇ ರಾಣಿಯನ್ನು ಮತ್ತೆ ಮಾತಾಡಿಸಿದರು. ಜನ್ನನ ಕಾವ್ಯದಲ್ಲಿದ್ದ ಸುಟ್ಟ ತೂತಿನ ಮೂಲಕ ಕಾರ್ನಾಡರೂ ಇಣುಕಿದರು ಎನ್ನೋಣವೆ?

ರಕ್ತದ ಶ್ರೇಣಿಯ ಪ್ರಶ್ನೆಗೆ ಇನ್ನೂ ಹತ್ತಿರದ ನಿದರ್ಶನ ಹನ್ನೆರಡನೆಯ ಶತಮಾನದ ಕಲ್ಯಾಣ. ಸಮಗಾರ ಕುಲದಿಂದ ಬಂದ ಶರಣ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸನ ಮಗಳಿಗೂ ಮದುವೆಯಾಯಿತು. ಅರಸು ಬಿಜ್ಜಳ ಆ ಇಬ್ಬರು ತಂದೆಯರಿಗೆ ಘೋರ ಮರಣದಂಡನೆ ವಿಧಿಸಿದ. ಕಲ್ಯಾಣ ಹೊತ್ತಿ ಉರಿಯಿತು ಎಂದು ಪರಂಪರೆ ಹೇಳುತ್ತದೆ. ಕಾರ್ನಾಡರ 'ತಲೆದಂಡ' 1990ರಲ್ಲಿ ಇದೇ ಗಾಯವನ್ನು ಮತ್ತೆ ಮುಟ್ಟಿತು. ಕಲ್ಯಾಣದ ಮದುವೆಗೂ ನಾನು ಹೇಳಿದ ಮೂರನೆಯ ದಾರಿಗೂ ಇರುವ ಸಂಬಂಧವನ್ನು ಗಮನಿಸಬೇಕು. ಮಧುವರಸ ಮೊದಲು ತನ್ನ ಹುಟ್ಟಿನ ಹಿರಿಮೆಯನ್ನು ಬಿಟ್ಟ. ಆ ಮೇಲೆ ಮಗಳನ್ನು ಕೊಟ್ಟ. ಹರಳಯ್ಯ ಬೇರೆ ಯಾವುದೋ ಕುಲದವನೆಂದು ಸಾಬೀತಾಗಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ. ಅದಕ್ಕಾಗಿಯೇ ಆ ಮದುವೆಯನ್ನು ಪ್ರಭುತ್ವ ಸಹಿಸಲಿಲ್ಲ. ರಕ್ತ ಬದಲಾಯಿಸಿಕೊಂಡ ನಾಯಕಿಯನ್ನು ಪ್ರತಿಯೊಂದು ಪ್ರಭುತ್ವವೂ ಆರತಿಯೆತ್ತಿ ಒಳಗೆ ಕರೆದುಕೊಳ್ಳುತ್ತದೆ.

ಡಾ. ಅಂಬೇಡ್ಕರ್ ಅವರು 1936ರಲ್ಲಿ ಲಾಹೋರಿನ ಸಭೆಯೊಂದಕ್ಕಾಗಿ ಸಿದ್ಧಪಡಿಸಿ, ಸಭೆ ರದ್ದಾದ್ದರಿಂದ ಮಾಡಲಾಗದೆ, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಭಾಷಣ 'ಜಾತಿ ವಿನಾಶ'. ಜಾತಿಯನ್ನು ಮುರಿಯುವ ನಿಜವಾದ ಮದ್ದು ಅಂತರ್ಜಾತೀಯ ವಿವಾಹವೆಂದು ಅಲ್ಲಿ ಅವರು ಸ್ಪಷ್ಟವಾಗಿ ಹೇಳುತ್ತಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಜಾತಿಗೆ ಪಾವಿತ್ರ್ಯ ಕೊಟ್ಟಿರುವ ಶಾಸ್ತ್ರಗಳ ಮೇಲಿನ ನಂಬಿಕೆ ಅಳಿಯದೆ ಜನ ಅಂಥ ಮದುವೆಗಳಿಗೆ ಮುಂದಾಗುವುದಿಲ್ಲವೆಂದೂ ವಾದಿಸುತ್ತಾರೆ. ಮದುವೆಯೊಂದೇ ಸಾಲದು, ಮನೆಯ ಗೋಡೆಯ ಮೇಲಿನ ಆ ವಂಶವೃಕ್ಷದ ಜಮಖಾನವೂ ಇಳಿಯಬೇಕು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಅಭಿಮಾನಿ ಕಥೆಗಳಲ್ಲಿ ಒಳ್ಳೆಯವನ್ನೂ ಕೆಟ್ಟವನ್ನೂ ಬೇರ್ಪಡಿಸಲು ಇದಕ್ಕಿಂತ ಉತ್ತಮವಾದ ವಿಮರ್ಶಾಸೂತ್ರ ನನಗೆ ಸಿಕ್ಕಿಲ್ಲ.

ಇನ್ನು ಒಡೆತನದ ವಿಚಾರ. ವ್ಯಾಸರ ಪಾತ್ರಗಳ ಮೇಲೆ ಪಂಪನಿಗೆ ಹಕ್ಕಿದೆಯೇ ಎಂದು ಯಾರೂ ಕೇಳಲಿಲ್ಲ. ಇಂದಿನ ಪಾತ್ರಗಳಿಗೆ ಕೃತಿಸ್ವಾಮ್ಯದ ಬೇಲಿಯಿದೆ. ರಕ್ತಪಿಶಾಚಿಗಳ ಕಾದಂಬರಿಗಳಿಂದ ಹೆಸರಾದ ಆ್ಯನ್ ರೈಸ್ ತಮ್ಮ ಪಾತ್ರಗಳನ್ನು ಯಾರೂ ಮುಟ್ಟಕೂಡದೆಂದು 2000ದಲ್ಲಿ ನಿಷೇಧಿಸಿದರು. ವ್ಯಾಪಾರವಾಗದಿದ್ದರೆ, ಅಶ್ಲೀಲವಾಗದಿದ್ದರೆ ಅಭ್ಯಂತರವಿಲ್ಲವೆಂಬ ನಿಲುವು 2004ರಲ್ಲಿ ರೋಲಿಂಗ್ ಅವರ ಕಡೆಯಿಂದ ಹೊರಬಿತ್ತು. ಮಾರುಕಟ್ಟೆ ಮೂರನೆಯ ಹಾದಿಯನ್ನು ಕಂಡುಹಿಡಿಯಿತು: ಹೆಸರುಗಳನ್ನು ಬದಲಿಸಿ ಅಚ್ಚು ಹಾಕುವುದು. 'ಟ್ವೈಲೈಟ್' ಕಾದಂಬರಿಯ ಅಭಿಮಾನಿ ಕಥೆಯಾಗಿ ಹುಟ್ಟಿದ ಬರಹ 2011ರಲ್ಲಿ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಆಗಿ ಹೊರಬಂದು ಲೋಕವನ್ನೆಲ್ಲ ಸುತ್ತಿತು. 2025ರಲ್ಲಂತೂ ಹರ್ಮಾಯ್ನಿ ಮತ್ತು ಡ್ರೇಕೋ ಕಥೆಗಳಿಂದ ಹೆಸರಾದ ಹಲವು ಲೇಖಕಿಯರು ದೊಡ್ಡ ಪ್ರಕಾಶಕರ ಮೂಲಕ ಕಾದಂಬರಿಗಳನ್ನು ತಂದರು. ಸೆನ್‌ಲಿನ್ಯು ಅವರ 'ಆಲ್ಕೆಮೈಸ್ಡ್', ಜೂಲಿ ಸೋಟೋ ಅವರ 'ರೋಸ್ ಇನ್ ಚೈನ್ಸ್' ಇವುಗಳಲ್ಲಿ ಸೇರಿವೆ. ಬಿಡಿಗಾಸಿಲ್ಲದೆ ವರ್ಷಗಟ್ಟಲೆ ಬರೆದ ಹೆಂಗಸರಿಗೆ ದುಡಿಮೆಯ ಬೆಲೆ ಸಿಗುವುದು ಸಂತೋಷದ ಸಂಗತಿಯೇ. ಆದರೆ ಹೆಸರುಗಳನ್ನು ಉಜ್ಜಿ ತೆಗೆಯುವಾಗ ಅವುಗಳಿಗೆ ಅಂಟಿದ್ದ ಬೈಗುಳವೂ ಜಮಖಾನವೂ ಬಿದ್ದುಹೋಗುತ್ತವೆ. ಶಾಲೆಯ ಬಯಲಿನಲ್ಲಿ ಆ ಮಾತನ್ನು ಆಡಿದವನು, ಆಡಿಸಿಕೊಂಡವಳು ಎಂಬ ನೆನಪನ್ನು ಓದುಗಳು ತನ್ನೊಡನೆ ತಂದಿದ್ದಳು; ಅದು ಅಳಿದ ಮೇಲೆ ಹೊಸ ಗೋಡೆಯೊಂದನ್ನು ಕಟ್ಟಿ ತೋರಿಸದಿದ್ದರೆ ಉಳಿಯುವುದು ಒರಟ ಗಂಡು ಮತ್ತು ನೊಂದ ಹೆಣ್ಣು ಮಾತ್ರ.

ಇಷ್ಟು ಹೇಳಿ ಮತ್ತೆ ನಮ್ಮ ಮಕ್ಕಳ ಮಾತಿಗೆ ಬರುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕೇಳಿದಳು: ಮೇಡಂ, ಬೈದವನನ್ನು ಪ್ರೀತಿಸಬಹುದೆ? ಕಥೆಯ ಬಗ್ಗೆ ಕೇಳುತ್ತಿದ್ದಾಳೋ ತನ್ನ ಬಗ್ಗೆ ಕೇಳುತ್ತಿದ್ದಾಳೋ ನಾನು ವಿಚಾರಿಸಲಿಲ್ಲ. ಅವನು ಬೈಗುಳವನ್ನು ಬಿಟ್ಟನೋ ಅಥವಾ ನಿನ್ನೊಬ್ಬಳಿಗೆ ಮಾತ್ರ ವಿನಾಯಿತಿ ಕೊಟ್ಟನೋ ನೋಡು ಎಂದೆ. ನೀನು ಅವರಂತಲ್ಲ ಬಿಡು ಎಂಬ ಮಾತು ಪ್ರೇಮದ ಮಾತಿನಂತೆ ಕೇಳಿಸುತ್ತದೆ. ಅದು ಗೋಡೆಯಲ್ಲಿ ಒಬ್ಬಳಷ್ಟೇ ತೂರಬಹುದಾದ ಕಿಂಡಿ. ಅವಳು ಒಳಗೆ ಹೋದೊಡನೆ ಮುಚ್ಚಿಕೊಳ್ಳುತ್ತದೆ, ಹೊರಗೆ ಅವಳ ತಂದೆತಾಯಿ ಉಳಿಯುತ್ತಾರೆ.

ಹೊರನಾಡಿಗೆ ಬಂದು ನಾವು ಭಾಷೆಯ ಹೆಸರಿನಲ್ಲಿ ಒಂದಾದೆವು ಎಂದು ಪ್ರತಿ ನವೆಂಬರಿನಲ್ಲಿ ಹೇಳಿಕೊಳ್ಳುತ್ತೇವೆ. ನಮ್ಮಂಥ ಸಂಘಗಳ ವಧೂವರಾನ್ವೇಷಣೆಯ ಅರ್ಜಿಗಳಲ್ಲಿ ಭಾಷೆ ಕನ್ನಡವೆಂದು ಬರೆದ ಮೇಲೂ ಜಾತಿ, ಪಂಗಡ, ಗೋತ್ರ ತುಂಬುವ ಅಂಕಣಗಳಿರುತ್ತವೆ. ಇವು ನಮ್ಮ ಜಮಖಾನಗಳು. ಹೊರಗೆ 1954ರ ವಿಶೇಷ ವಿವಾಹ ಕಾಯ್ದೆ ಜಾತಿಧರ್ಮಗಳನ್ನು ಮೀರಿದ ಮದುವೆಗೆ ದಾರಿ ಮಾಡಿಕೊಟ್ಟಿತು. ಆದರೆ ಆ ದಾರಿಯಲ್ಲೂ 30 ದಿನಗಳ ನೋಟೀಸು, ಆಕ್ಷೇಪಣೆಗೆ ಆಹ್ವಾನ. ಆ ಮೂವತ್ತು ದಿನಗಳಲ್ಲಿ ಯಾರು ಯಾರ ಮನೆಗೆ ಹೋಗಿ ಏನೇನು ಮಾತಾಡುತ್ತಾರೆಂಬುದನ್ನು ಇಲ್ಲಿ ಕುಳಿತಿರುವ ಹಲವರು ನನಗಿಂತ ಚೆನ್ನಾಗಿ ಬಲ್ಲಿರಿ. ಇಂಥ ಮನೆಯ ಹುಡುಗಿ ರಾತ್ರಿ ಒಬ್ಬಳೇ ಕುಳಿತು ಮಾಂತ್ರಿಕರ ಲೋಕದ ಕೀಳುಹುಟ್ಟಿನ ಹುಡುಗಿಯ ಪ್ರೇಮಕಥೆಯನ್ನು ಓದಿದರೆ, ಬರೆದರೆ, ಅದನ್ನು ಕಾಲಹರಣವೆನ್ನಲು ನನಗೆ ನಾಲಗೆ ಏಳುವುದಿಲ್ಲ. ಹೇಳಲು ಬೇರೆ ಜಾಗವಿಲ್ಲದ ಮಾತನ್ನು ಅವಳು ಅಲ್ಲಿ ಹೇಳಿಕೊಳ್ಳುತ್ತಿರಬಹುದು.

ಹಿರಿಯರಲ್ಲಿ ನನ್ನದೊಂದು ವಿನಂತಿ. ಆ ಪುಟಗಳನ್ನು ಕಿತ್ತುಕೊಳ್ಳಬೇಡಿ. ಒಂದೆರಡನ್ನು ನೀವೂ ಓದಿ, ಇದರಲ್ಲಿ ಯಾರು ಬದಲಾದರು ಎಂದು ಕೇಳಿ. ಕಿರಿಯರಿಗೂ ಒಂದು ಮಾತು. ನೀವು ಓದುವ ಕಥೆಗಳಿಗೆ ಜನ್ನನೂ ಕಲ್ಯಾಣದ ಶರಣರೂ ಹತ್ತಿರದ ನೆಂಟರು. ಅವರ ಮನೆಯ ಬಾಗಿಲು ಕನ್ನಡದಲ್ಲಿ ತೆರೆಯುತ್ತದೆ, ಒಮ್ಮೆ ತಟ್ಟಿ ನೋಡಿ. ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆಯನ್ನು ಇಡುತ್ತೇನೆ. ಮುಂದಿನ ವರ್ಷದ ವಧೂವರ ಅರ್ಜಿಯಿಂದ ಆ ಮೂರು ಅಂಕಣಗಳನ್ನು ತೆಗೆದುಹಾಕಬೇಕು. ಬೇಕೋ ಬೇಡವೋ ಎಂಬುದನ್ನು ಸರ್ವಸದಸ್ಯರ ಸಭೆ ಬಹಿರಂಗವಾಗಿ ಚರ್ಚಿಸಲಿ, ಕೈಯೆತ್ತಿ ನಿರ್ಣಯಿಸಲಿ.